ಇಂಟರ್‌ಕೂಲರ್ ಇರಬೇಕಾದ ಜಾಗ

ಲಾರಿಯ ಮೂತಿಯ ಜಾಲರಿ ಬಿಚ್ಚಿ ಪಕ್ಕಕ್ಕೆ ಒರಗಿಸಿ, ಗಿರಿಜಾದೇವಿ ಒಳಗೆ ಟಾರ್ಚ್ ಬಿಟ್ಟಳು. ಇಂಟರ್‌ಕೂಲರ್ ಇರಬೇಕಾದ ಜಾಗ ಖಾಲಿಯಿತ್ತು.

ಇನ್ನೊಮ್ಮೆ ನೋಡಿದಳು. ರೇಡಿಯೇಟರ್ ತನ್ನ ಜಾಗದಲ್ಲೇ ಇತ್ತು. ಅದರ ಮುಂದೆ ಇನ್ನೊಂದು ಸಣ್ಣ ರೇಡಿಯೇಟರ್‌ನ ಹಾಗೆ ಕೂತಿರಬೇಕಾದ ಪೆಟ್ಟಿಗೆ ಮಾತ್ರ ಇರಲಿಲ್ಲ. ನೀರಿನ ಹಂಡೆಯೊಂದನ್ನು ಸಲೀಸಾಗಿ ಇಡುವಷ್ಟು ಬಯಲು.

ಕರೆಂಟ್ ಹೋಗಿ ವೆಲ್ಡಿಂಗ್ ನಿಂತಿತ್ತು. ಸುಂಕದಕಟ್ಟೆಯ ಆ ಗ್ಯಾರೇಜಿನ ಕೆಲಸಗಾರರೆಲ್ಲ ಎದುರಿನ ಅಂಗಡಿಗೆ ಚಹಾಕ್ಕೆ ಹೋಗಿದ್ದರು. ಯಜಮಾನ ಕೊಟ್ರಪ್ಪ ಊಟಕ್ಕೆ ಹೋದವನು ವಾಪಸು ಬರುವುದರೊಳಗೆ ನೋಡುವುದನ್ನೆಲ್ಲ ನೋಡಿ ಮುಗಿಸಬೇಕಿತ್ತು.

ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಮೋಟಾರ್ ಸರ್ವೇಯರ್ ಆಗಿ, ನುಜ್ಜುಗುಜ್ಜಾದ ಗಾಡಿಗಳ ನಡುವೆಯೇ ತಲೆ ನರೆಸಿಕೊಂಡವಳು ಗಿರಿಜಾದೇವಿ. ಆ ಕೆಲಸ ಬಿಟ್ಟು ವಿಜಯನಗರದಲ್ಲಿ ಬೇಕರಿಯೊಂದರ ಮಹಡಿಯ ಮೇಲೆ ಪತ್ತೇದಾರಿ ಕಚೇರಿ ತೆರೆದಾಗ ನಂಟರೆಲ್ಲ ನಕ್ಕಿದ್ದರು. ಆಕೆ ತಲೆ ಕೆಡಿಸಿಕೊಂಡಿರಲಿಲ್ಲ. ಮನುಷ್ಯರ ಮಾತು ಕೇಳಿ ಮೋಸ ಹೋಗಿದ್ದುಂಟು, ಗಾಡಿಗಳನ್ನು ನೋಡಿ ಹೋದದ್ದು ಕಡಿಮೆ.

ಆಕೆ ಪೈಪಿನ ಜಾಡು ಹಿಡಿದಳು. ಟರ್ಬೊ ಎಂಜಿನ್ ಗಾಳಿಯನ್ನು ಒತ್ತಿ ನುಂಗುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಆ ಕಾವನ್ನು ಇಳಿಸುವುದೇ ಇಂಟರ್‌ಕೂಲರ್ ಕೆಲಸ. ಅದಕ್ಕೇ ಅದನ್ನು ಎದುರುಗಾಳಿ ಬಡಿಯುವ ಮೂತಿಯಲ್ಲೇ ಕೂರಿಸುತ್ತಾರೆ. ಇಲ್ಲಿ ಅದನ್ನು ಕ್ಯಾಬಿನ್ನಿನ ಬೆನ್ನಿಗೆ, ಗಾಳಿ ಸುಳಿಯದ ಮೂಲೆಗೆ ತಳ್ಳಿದ್ದರು. ಅಲ್ಲಿಯವರೆಗೆ ಉದ್ದನೆಯ ಪೈಪುಗಳು, ಹೊಸ ಕ್ಲಾಂಪುಗಳು, ಹಿಂದೆ ಯಾವುದೋ ಹಳೇ ಕಾರಿನಿಂದ ಕಿತ್ತ ಫ್ಯಾನು.

ತಲೆ ನೆಟ್ಟಗಿರುವ ಯಾವ ಡ್ರೈವರನೂ ಇದಕ್ಕೆ ಒಪ್ಪುವುದಿಲ್ಲ. ಏರು ಸಿಕ್ಕಿದರೆ ಲಾರಿ ಏದುಸಿರು ಬಿಡುತ್ತದೆ, ಕರಿ ಹೊಗೆ ಕಾರುತ್ತದೆ. ಇಷ್ಟು ಕೆಡಿಸಿಕೊಂಡು ಮೂತಿಯಲ್ಲಿ ಜಾಗ ಮಾಡಿಕೊಂಡಿದ್ದಾರೆ ಎಂದರೆ, ಅಲ್ಲಿ ಇನ್ನೇನೋ ಕೂತಿತ್ತು.

ಟಾರ್ಚ್ ಕೆಳಗಿಳಿಸಿದಳು. ಅಡ್ಡಪಟ್ಟಿಯ ಮೇಲೆ ದಪ್ಪನೆಯ ಪ್ಲೇಟು ಬೆಸೆದಿದ್ದರು. ಅದರ ಬೋಲ್ಟ್ ತೂತುಗಳು ಇನ್ನೂ ಬೆಳ್ಳಗಿದ್ದವು. ಬಂಪರಿನಲ್ಲಿ, ನಂಬರ್ ಪ್ಲೇಟಿನ ಹಿಂದೆ ಸರಿಯಾಗಿ, ಅಂಗೈ ಅಗಲದ ಸೀಳು. ನಂಬರ್ ಪ್ಲೇಟನ್ನು ಕಿಟಕಿ ಬಾಗಿಲಿನ ಹಾಗೆ ಎತ್ತಬಹುದಿತ್ತು. ಸೀಳಿನ ಅಂಚು ಸವೆದು ಹೊಳೆಯುತ್ತಿತ್ತು. ಗಿರಿಜಾದೇವಿ ಅದರ ಮೇಲೆ ಹೆಬ್ಬೆರಳು ಆಡಿಸಿದಳು. ಉಕ್ಕಿನ ಹಗ್ಗ ಭಾರ ಹೊತ್ತು ಉಜ್ಜಿದ ಗುರುತು.

ವಿಂಚ್. ಉರುಳೆಗೆ ಉಕ್ಕಿನ ಹಗ್ಗ ಸುತ್ತಿಕೊಳ್ಳುತ್ತಾ ಎಂಥ ಭಾರವನ್ನೂ ಎಳೆದು ತರುವ ಯಂತ್ರ. ಅದನ್ನು ಹೊರಗಿನವರ ಕಣ್ಣಿಗೆ ಬೀಳದಂತೆ ಲಾರಿಯ ಹೊಟ್ಟೆಯೊಳಗೆ ಬಚ್ಚಿಟ್ಟಿದ್ದರು. ಈಗ ಕಿತ್ತು ಹಾಕಿದ್ದರು. ಇಂಟರ್‌ಕೂಲರನ್ನು ಅದರ ಜಾಗಕ್ಕೆ ಮರಳಿಸಲು ಮಾತ್ರ ಪುರುಸೊತ್ತಾಗಿರಲಿಲ್ಲ.

ಹೇರೋಹಳ್ಳಿಯ ರಾಮಯ್ಯನವರ ಒಬ್ಬನೇ ಮಗ ಮಂಜುನಾಥನ ಕಾರು ಉಲ್ಲಾಳದಾಚೆಯ ಕಲ್ಲುಕ್ವಾರಿಯ ನೀರಿನಲ್ಲಿ, ಒಳಗೊಂದು ಹೆಣದ ಸಮೇತ ಸಿಕ್ಕಿತ್ತು. ತಾನೇ ಹೋಗಿ ಬಿದ್ದಿದ್ದಾನೆ ಎಂದಿದ್ದರು ಪೊಲೀಸರು. ಗಿರಿಜಾದೇವಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಕಾರು ನ್ಯೂಟ್ರಲ್‌ನಲ್ಲಿತ್ತು. ಆದರೆ ಕ್ವಾರಿಯ ಅಂಚಿನ ಕಡೆಗೆ ನೆಲ ಏರುತ್ತಾ ಹೋಗುತ್ತದೆ. ಅಲ್ಲಿ ಕಾರು ತಾನಾಗಿ ಉರುಳಬೇಕಾದರೆ ಹಿಂದಕ್ಕೆ ಉರುಳಬೇಕು. ಹಿಂದಿನಿಂದ ತಳ್ಳಿದ್ದರೆ ಕೆಸರಿನಲ್ಲಿ ಹೆಜ್ಜೆ ಮೂಡಬೇಕು. ಕೆಸರಿನಲ್ಲಿದ್ದದ್ದು ಕಾರಿನ ಚಕ್ರದ ಗುರುತು ಮಾತ್ರ. ಕಾರಿನ ಮುಂದಿನ ಕೊಂಡಿಯ ಒಳಮೈ ಹೊಸ ಲೋಟದ ಹಾಗೆ ಹೊಳೆಯುತ್ತಿತ್ತು.

ಎಂದರೆ ಯಾರೋ ಆಚೆ ದಡದ ಬಂಡೆಯ ಮೇಲೆ ಲಾರಿ ನಿಲ್ಲಿಸಿ, ನೀರಿನ ಮೇಲಿಂದ ಹಗ್ಗ ಹಾಯಿಸಿ, ಕಾರನ್ನು ಗುಂಡಿಗೆ ಎಳೆದಿದ್ದರು. ಬಂಡೆಯ ಮೇಲೆ ಲಾರಿಯ ಗುರುತು ಮೂಡುವುದಿಲ್ಲ. ಮಂಜುನಾಥ ಕಾಣೆಯಾದ ದಿನದಿಂದಲೇ ಕೊಟ್ರಪ್ಪನ ಈ ಲಾರಿಯ ಡ್ರೈವರ್ ರೇವಣಸಿದ್ದ ನಾಪತ್ತೆಯಾಗಿದ್ದ.

"ಅಲ್ಲಿ ಏನೂ ಸಿಗಂಗಿಲ್ಲ ಮೇಡಮ್ಮಾರೆ."

ಕೊಟ್ರಪ್ಪ ಹಿಂದೆಯೇ ನಿಂತಿದ್ದ. ಕೊಟ್ಟೂರಿನ ಕಡೆಯವನು, ಎತ್ತರದ ಆಳು. ಬಾಯಲ್ಲಿ ಎಲೆಯಡಿಕೆ. ಯಾವಾಗ ಬಂದನೋ, ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ. ಗಿರಿಜಾದೇವಿ ಟಾರ್ಚ್ ಆರಿಸಲಿಲ್ಲ. ಇಂಟರ್‌ಕೂಲರನ್ನು ಹಿಂದಕ್ಕೆ ಹಾಕಿದ್ದು ಯಾರು ಎಂದಷ್ಟೇ ಕೇಳಿದಳು.

ತಾನು ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ತಂದಾಗಲೇ ಹಾಗಿತ್ತು ಎಂದ ಕೊಟ್ರಪ್ಪ. ಹಿಂದಿನ ಯಜಮಾನ ಯಾಕೆ ಹಾಗೆ ಮಾಡಿಸಿದ್ದನೋ ತನಗೇನು ಗೊತ್ತು ಎಂದೂ ಸೇರಿಸಿದ. ಹೇಳುವಾಗ ಅವನ ಕಣ್ಣು ಲಾರಿಯ ಮೇಲಿರಲಿಲ್ಲ, ಗೇಟಿನ ಮೇಲಿತ್ತು.

ಗಿರಿಜಾದೇವಿ ಅವನ ಮೇಜಿನ ಕಡೆ ನಡೆದಳು. ಅಲ್ಲಿದ್ದ ತಗಡಿನ ಡಬ್ಬಿಯಿಂದ ಒಂದು ಕ್ಲಾಂಪ್ ಎತ್ತಿಕೊಂಡು ಬಂದು ಲಾರಿಯ ಪೈಪಿನ ಮೇಲಿದ್ದ ಕ್ಲಾಂಪಿನ ಪಕ್ಕ ಹಿಡಿದಳು. ಅಕ್ಕತಂಗಿಯರ ಹಾಗಿದ್ದವು. ಆಮೇಲೆ ಬೆಸುಗೆಯ ಮೇಲಿನ ಕಪ್ಪು ಬಣ್ಣವನ್ನು ಉಗುರಿನಿಂದ ಕೆರೆದಳು. ಅಡಿಯಲ್ಲಿ ತುಕ್ಕು ಇರಲಿಲ್ಲ.

"ಹುಬ್ಬಳ್ಳಿಯವರು ಬಂದು ನಿಮ್ಮ ಡಬ್ಬಿಯ ಕ್ಲಾಂಪ್ ಹಾಕಿ ಹೋದ್ರಾ ಕೊಟ್ರಪ್ಪ?"

ಅವನು ಎಲೆಯಡಿಕೆ ಉಗಿದು ಬಂದ. ಮುಖದ ಗಡಸು ಇಳಿದಿರಲಿಲ್ಲ.

"ಜಾಗ ಮಂಜುನಾಥನ ಮನೆಯವರದು," ಎಂದಳು ಗಿರಿಜಾದೇವಿ. "ಲೇಔಟ್ ಮಾಡ್ಬೇಕು, ಗ್ಯಾರೇಜ್ ಖಾಲಿ ಮಾಡು ಅಂತ ಅವನು ನಿಮ್ಮ ಹಿಂದೆ ಬಿದ್ದಿದ್ದ. ಜಗಳ ಆಗಿದ್ದು ಬೀದಿಗೆಲ್ಲ ಗೊತ್ತು. ಈಗ ಅವನಿಲ್ಲ. ಎಳೆದ ಲಾರಿ ನಿಮ್ಮದು, ಡ್ರೈವರ್ ನಿಮ್ಮವನು, ಬೆಸುಗೆ ನಿಮ್ಮ ಕೈಯದು. ಪೊಲೀಸರಿಗೆ ಇನ್ನೇನು ಬೇಕು?"

"ಎಳೆದದ್ದು ಅಂದ್ರ ಏನ್ರಿ?"

ಆ ಪ್ರಶ್ನೆಯನ್ನು ಅವನು ಕೇಳಿದ ರೀತಿ ಗಿರಿಜಾದೇವಿಯನ್ನು ತಡೆಯಿತು. ಒಂದೋ ಇವನು ಪಳಗಿದ ನಟ, ಇಲ್ಲವೇ ನಿಜಕ್ಕೂ ಗೊತ್ತಿಲ್ಲ. ಆಕೆ ಕ್ವಾರಿಯ ವಿಷಯ ಬಿಡಿಸಿ ಹೇಳುತ್ತಾ ಹೋದ ಹಾಗೆ ಕೊಟ್ರಪ್ಪ ಹಿಂದಕ್ಕೆ ಸರಿದು, ಬಿದ್ದಿದ್ದ ಟೈರೊಂದರ ಮೇಲೆ ಕುಸಿದು ಕೂತ.

ಗೇಟಿನ ಹತ್ತಿರ ಬಳೆ ಸದ್ದಾಯಿತು. ಹಸಿರು ಇಳಕಲ್ ಸೀರೆ ಉಟ್ಟ ಹೆಂಗಸೊಬ್ಬಳು ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದಳು. ರೇವಣಸಿದ್ದನ ಹೆಂಡತಿ ದಾನಮ್ಮ. ಗದಗದ ಕಡೆಯಿಂದ ಬಂದು ಇಲ್ಲೇ ಶೀಟಿನ ಮನೆಯೊಂದರಲ್ಲಿ ಬಾಡಿಗೆಗಿದ್ದಳು.

"ನಮ್ಮನಿಯವ್ರ ಸುದ್ದಿ ಏನರ ಬಂತೇನ್ರಿ ಯಪ್ಪಾ?"

ಕೊಟ್ರಪ್ಪ ತಲೆ ಅಲ್ಲಾಡಿಸಿದ. ಅವಳು ಇನ್ನೇನೂ ಕೇಳದೆ ಹಾಗೇ ತಿರುಗಿ ಹೋದಳು. ದಿನಾ ಹೀಗೇ ಬಂದು ಹೀಗೇ ಹೋಗುತ್ತಾಳೆಂದು ಅವಳ ನಡಿಗೆಯಲ್ಲೇ ತಿಳಿಯುತ್ತಿತ್ತು.

ಅವಳು ಕಣ್ಮರೆಯಾದ ಮೇಲೆ ಕೊಟ್ರಪ್ಪ ನೆಲ ನೋಡುತ್ತಾ ಹೇಳಿದ: "ವಿಂಚ್ ಕೂರ್ಸಿದ್ದು ನಾನ ರೀ. ಕೂರ್ಸು ಅಂತ ಹೇಳಿದ್ದು ಬ್ಯಾರೆಯವ್ರು."

"ಯಾರು?"

"ಮಂಜುನಾಥ."

ಗಿರಿಜಾದೇವಿ ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅನುಮಾನಿಸಿದಳು.

ಆಮೇಲೆ ಅವನು ಹೇಳಿದ್ದು ಇಷ್ಟು. ಒಂದು ದಿನ ಮಂಜುನಾಥ ಜಗಳ ಮರೆತವನ ಹಾಗೆ ನಗುತ್ತಾ ಬಂದ. ಗ್ಯಾರೇಜು ಇಲ್ಲೇ ಇರಲಿ, ನನಗೊಂದು ಉಪಕಾರ ಮಾಡು ಎಂದ. ಪರ್ಮಿಟ್ ಇಲ್ಲದ ಕ್ವಾರಿಯಿಂದ ಕಲ್ಲಿನ ದಿಮ್ಮಿ ಎಳೆಯಬೇಕಾಗಿದೆ, ಲಾರಿಗೆ ವಿಂಚ್ ಕೂರಿಸಬೇಕು, ಆದರೆ ಹೊರಗಿನಿಂದ ಅದು ಮಾಮೂಲಿ ಲಾರಿಯ ಹಾಗೇ ಕಾಣಬೇಕು. ಬಂಪರಿನ ಮುಂದೆ ಕೂರಿಸಿದರೆ ಜಗತ್ತಿಗೆಲ್ಲ ಕಾಣುತ್ತದೆ. ಒಳಗೆ ಕೂರಿಸಲು ಇಂಟರ್‌ಕೂಲರ್ ಅಡ್ಡ. ಅದನ್ನು ಹಿಂದಕ್ಕೆ ಹಾಕಿದರೆ ಏರಿನಲ್ಲಿ ಲಾರಿ ಎಳೆಯುವುದಿಲ್ಲ ಎಂದು ಕೊಟ್ರಪ್ಪ ತಕರಾರು ತೆಗೆದಿದ್ದ. ಈ ಲಾರಿ ಯಾವ ಘಾಟಿಯನ್ನೂ ಹತ್ತಬೇಕಾಗಿಲ್ಲ ಎಂದು ಮಂಜುನಾಥ ನಕ್ಕಿದ್ದ. ಕೆಲಸ ಮುಗಿಯುವ ತನಕ ಪಕ್ಕದಲ್ಲೇ ನಿಂತು ನೋಡಿದ್ದ. ವಿಂಚನ್ನು ಹೇಗೆ ಬಿಡಬೇಕು, ಹೇಗೆ ಸುತ್ತಬೇಕು ಎಂದು ತಾನೇ ಕಲಿತುಕೊಂಡಿದ್ದ. ಆಮೇಲೆ ಲಾರಿಯನ್ನೂ ರೇವಣಸಿದ್ದನನ್ನೂ ಜೊತೆಗೆ ಕರೆದುಕೊಂಡು ಹೋದ.

ಮರುದಿನ ಬೆಳಿಗ್ಗೆ ಲಾರಿ ಗೇಟಿನ ಮುಂದೆ ನಿಂತಿತ್ತು. ವಿಂಚ್ ಇರಲಿಲ್ಲ. ರೇವಣಸಿದ್ದನೂ ಇರಲಿಲ್ಲ.

"ಸತ್ತವನು ಎದ್ದು ಬಂದು ಇಲ್ಲ ಅನ್ನಲ್ಲ," ಎಂದಳು ಗಿರಿಜಾದೇವಿ. "ನಿಮ್ಮ ಹೊರೆಯನ್ನ ಅವನ ಹೆಗಲಿಗೆ ಹಾಕೋದು ಸುಲಭ."

ಕೊಟ್ರಪ್ಪ ಸಿಟ್ಟಾಗಲಿಲ್ಲ. ಎದ್ದು ಗೇಟಿನ ಪಕ್ಕದ ಗೋಡೆ ತೋರಿಸಿದ. ಗೋಡೆಯ ಗಾರೆ ಒಡೆದು ಇಟ್ಟಿಗೆ ಕಾಣುತ್ತಿತ್ತು. ಲಾರಿಯ ಹ್ಯಾಂಡ್‌ಬ್ರೇಕ್ ಸರಿಯಿರಲಿಲ್ಲ, ಹಾಗಾಗಿ ರೇವಣಸಿದ್ದ ಎಲ್ಲಿ ನಿಲ್ಲಿಸಿದರೂ ಮೊದಲು ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಿದ್ದ, ಆಮೇಲೆಯೇ ಬೀಡಿ ಹಚ್ಚುತ್ತಿದ್ದ. ಆ ಬೆಳಿಗ್ಗೆ ಚಕ್ರಕ್ಕೆ ಕಲ್ಲಿರಲಿಲ್ಲ. ಲಾರಿ ಜಾರಿ ಗೋಡೆಗೆ ಗುದ್ದಿತ್ತು. ತಂದು ನಿಲ್ಲಿಸಿದವನಿಗೆ ಆ ಲಾರಿಯ ಗುಣ ಗೊತ್ತಿರಲಿಲ್ಲ.

ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು ಯಾಕೆ ಎಂಬ ಪ್ರಶ್ನೆಗೆ ಅವನ ಬಳಿ ಒಂದೇ ಉತ್ತರವಿತ್ತು. ಜಗಳವಾಡಿದವನು ತಾನು, ಲಾರಿ ತನ್ನದು. ಬಾಯಿ ಬಿಟ್ಟರೆ ಮೊದಲು ಒಳಗೆ ಹೋಗುವವನೂ ತಾನೇ.

ಗಿರಿಜಾದೇವಿ ಅವನನ್ನು ನಂಬಲಿಲ್ಲ, ನಂಬದೆಯೂ ಇರಲಿಲ್ಲ. ಹೊರಗೆ ಬಂದು, ರಸ್ತೆಯ ತುದಿಯಲ್ಲಿ ಕಾಯಿನ್ ಬೂತಿನ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ದಾನಮ್ಮನನ್ನು ಮಾತಾಡಿಸಿದಳು. ಗಂಡ ಫೋನ್ ಮಾಡುವುದಿದ್ದರೆ ಆ ಬೂತಿಗೇ ಮಾಡುತ್ತಿದ್ದನಂತೆ. ಅವತ್ತು ಅವನನ್ನು ಕರೆಯಲು ಬಂದವರು ಯಾರು ಎಂದು ಕೇಳಿದಾಗ ದಾನಮ್ಮ ಯೋಚಿಸಲೂ ಇಲ್ಲ.

"ಮಂಜಣ್ಣಾರ ಬಂದಿದ್ರರಿ ಅಕ್ಕಾರ. ಸಂಜಿಗೆ ಹೊಳ್ಳಿ ಕಳಿಸ್ತೀನವ್ವಾ ಅಂತ ನನಗ ಹೇಳಿ ಕರಕೊಂಡು ಹ್ವಾದ್ರು."

ಸ್ಕೂಟರ್ ಹೇರೋಹಳ್ಳಿಯ ಗುಂಡಿಗಳನ್ನು ಬಳಸಿಕೊಂಡು ಹೋಗುವಾಗ ಗಿರಿಜಾದೇವಿಯ ತಲೆಯಲ್ಲಿ ಒಂದೇ ಲೆಕ್ಕ ತಿರುಗುತ್ತಿತ್ತು. ಮಂಜುನಾಥ ತಾನೇ ವಿಂಚ್ ಮಾಡಿಸಿ, ತಾನೇ ಡ್ರೈವರನನ್ನು ಕರೆದೊಯ್ದು, ತಾನೇ ಸತ್ತ. ಏನನ್ನೋ ಎಳೆಯಲು ಹೋದವನನ್ನು ಡ್ರೈವರನೇ ಮುಗಿಸಿ ಓಡಿಹೋದನೇ? ಹಾಗಾದರೆ ಓಡಿಹೋಗುವವನು ಲಾರಿಯನ್ನು ಯಜಮಾನನ ಗೇಟಿಗೆ ತಂದು ನಿಲ್ಲಿಸುತ್ತಾನೆಯೇ? ನಿಲ್ಲಿಸಿದರೂ ಚಕ್ರಕ್ಕೆ ಕಲ್ಲು ಕೊಡುವುದನ್ನು ಮರೆಯುತ್ತಾನೆಯೇ?

ರಾಮಯ್ಯನವರ ಮನೆ ಹಳೇ ಊರಿನ ನಡುವೆ ಇತ್ತು. ಸುತ್ತ ಎದ್ದಿದ್ದ ಹೊಸ ಮನೆಗಳ ನಡುವೆ ಅದೊಂದೇ ಹೆಂಚಿನದು. ಬಾಗಿಲು ತೆರೆದದ್ದು ಯಶೋದಮ್ಮ. ಮಗ ತಾನಾಗಿ ಸಾಯುವವನಲ್ಲ ಎಂದು ಹಟ ಹಿಡಿದು, ಗಂಡನ ಮಾತು ಮೀರಿ ಗಿರಿಜಾದೇವಿಯ ಕಚೇರಿಯ ಮೆಟ್ಟಿಲು ಹತ್ತಿದವರು ಅವರೇ. ಹಿಂದೆ ನೋಡಿದಾಗಲೆಲ್ಲ ಅತ್ತು ಅತ್ತು ಕಣ್ಣು ಊದಿರುತ್ತಿದ್ದವು. ಇವತ್ತು ಅವು ಒಣಗಿದ್ದವು. ಮುಖ ತೊಳೆದು ಕುಂಕುಮವಿಟ್ಟು, ಎಲ್ಲಿಗೋ ಹೊರಟವರ ಹಾಗಿದ್ದರು.

ಯಜಮಾನರು ಹೊರಗೆ ಹೋಗಿದ್ದಾರೆ, ಇನ್ನೇನು ಬರಬಹುದು ಎಂದು ಚಾಪೆ ಹಾಸಿದರು. ಗಿರಿಜಾದೇವಿ ಬಾಯಿ ತೆರೆಯುವ ಮೊದಲು ತಾವೇ ಮಾತು ತೆಗೆದರು.

"ಹನ್ನೊಂದನೇ ದಿನ ಕಳೀತು. ತಿಥಿ ಆಗ್ಲಿಲ್ಲ."

ಯಶೋದಮ್ಮ ಅವಸರವಿಲ್ಲದೆ ಹೇಳುತ್ತಾ ಹೋದರು. ನೆಂಟರು ಕೇಳಿದರಂತೆ, ಪುರೋಹಿತರು ಮನೆಗೇ ಬಂದರಂತೆ. ರಾಮಯ್ಯ ಅವರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದರು. ಪಿಂಡ ಇಡೋಲ್ಲ ಎಂದರು, ಕಾರಣ ಹೇಳಲಿಲ್ಲ. ತಲೆ ಬೋಳಿಸಿಕೊಳ್ಳಲಿಲ್ಲ. ಸುಡುವ ದಿನವೂ ಹಾಗೇ ಆಗಿತ್ತು. ನೀರಿನಲ್ಲಿ ಕೊಳೆತಿದೆ, ನೋಡುವ ಹಾಗಿಲ್ಲ ಎಂದು ಹೆತ್ತವಳಿಗೂ ಮುಖ ತೋರಿಸಿರಲಿಲ್ಲ. ಇದು ಮಂಜುವಿನದೇ ಎಂದು ಆಸ್ಪತ್ರೆಯಲ್ಲಿ ಹೇಳಿ ಬಂದವರು ರಾಮಯ್ಯ ಒಬ್ಬರೇ. ಅಂಗಿ ನೋಡಿ, ಕೊರಳ ಸರ ನೋಡಿ.

"ನೀವೇ ಹೇಳಿ," ಎಂದರು ಯಶೋದಮ್ಮ. "ಪಿಂಡ ಇಡೋಕೆ ಅಪ್ಪ ಯಾಕೆ ಹೆದರ್ತಾನೆ?"

ಗಿರಿಜಾದೇವಿಯ ಕೈಯಲ್ಲಿದ್ದ ನೀರಿನ ಲೋಟ ತುಟಿಯ ಹತ್ತಿರವೇ ನಿಂತಿತು.

ಬದುಕಿರುವ ಮಗನಿಗೆ ಪಿಂಡ ಇಡಲು ಯಾವ ಅಪ್ಪನಿಗೂ ಕೈ ಬರುವುದಿಲ್ಲ. ಪೊಲೀಸರ ಮುಂದೆ ಸುಳ್ಳು ಹೇಳಬಹುದು, ಊರ ಮುಂದೆ ಹೇಳಬಹುದು. ಪಿಂಡದ ಮುಂದೆ ಹೇಳಲು ಎದೆ ಬೇಕು.

ಹಾಗಾದರೆ ಕಾರಿನೊಳಗೆ ಕೂತಿದ್ದವನು, ಮಂಜುನಾಥನ ಅಂಗಿ ತೊಟ್ಟು ಅವನ ಸರ ಹಾಕಿಕೊಂಡು ನೀರಿಗಿಳಿದವನು, ಸಂಜೆಗೆ ಮನೆಗೆ ಬರಬೇಕಾಗಿದ್ದ ರೇವಣಸಿದ್ದ. ಲಾರಿಯನ್ನು ಗೇಟಿಗೆ ತಂದು ನಿಲ್ಲಿಸಿ, ಕಲ್ಲು ಕೊಡದೆ ಹೋದವನು ಮಂಜುನಾಥ. ಕಾಯಿನ್ ಬೂತಿನ ಕಟ್ಟೆಯ ಮೇಲೆ ದಾನಮ್ಮ ಇನ್ನೂ ಅವನ ಫೋನಿಗೆ ಕಾಯುತ್ತಿದ್ದಳು.

ಬಾಗಿಲು ಸರಿಯಿತು. ರಾಮಯ್ಯ ಒಳಗೆ ಬಂದರು. ಪಂಚೆಯ ಅಂಚಿಗೆ ಕೆಸರು. ಕೈಯಲ್ಲಿ ಸ್ಟೀಲಿನ ಊಟದ ಕ್ಯಾರಿಯರ್. ಕೆಳಗಿಟ್ಟಾಗ ಬಂದ ಸದ್ದಿನಿಂದಲೇ ಅದು ತುಂಬಿದೆ ಎಂದು ತಿಳಿಯಿತು. ಅಪರಿಚಿತ ಹೆಂಗಸನ್ನು ಕಂಡು ಹುಬ್ಬು ಗಂಟಿಕ್ಕಿದರು.

ಗಿರಿಜಾದೇವಿ ತಾನು ಯಾರೆಂದು ಹೇಳಿದಳು. ಸುತ್ತಿ ಬಳಸಲಿಲ್ಲ. ವಿಂಚ್ ಮಾಡಿಸಿದ್ದು ನಿಮ್ಮ ಮಗನೇ, ಡ್ರೈವರನನ್ನು ಕರೆದೊಯ್ದದ್ದೂ ಅವನೇ, ಸುಟ್ಟದ್ದು ಮಾತ್ರ ಅವನನ್ನಲ್ಲ ಎಂದಳು.

ಮುದುಕ ಬೈಯುತ್ತಾನೆ, ಹೊರಗೆ ಹೋಗು ಎನ್ನುತ್ತಾನೆ ಎಂದುಕೊಂಡಿದ್ದಳು. ರಾಮಯ್ಯ ಮೊದಲು ಕದ ಹಾಕಿ ಅಗಳಿ ಸರಿಸಿದರು. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಕೇಳಿದರು.

"ಇದನ್ನ ಇನ್ಯಾರಿಗೆ ಹೇಳಿದೀರಿ?"

ಯಾರಿಗೂ ಇಲ್ಲ ಎನ್ನುವುದು ದಡ್ಡತನ, ಎಲ್ಲರಿಗೂ ಎನ್ನುವುದು ಸುಳ್ಳು. ಆಕೆ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಆದರೆ ರಾಮಯ್ಯನವರ ಕಣ್ಣು ಮತ್ತೆ ಮತ್ತೆ ತುಂಬಿದ ಕ್ಯಾರಿಯರಿನ ಕಡೆಗೆ ಹೋಗುತ್ತಿತ್ತು. ಹೆದರಿಸಲು ನಿಂತವನು ಹಾಗೆ ನೋಡುವುದಿಲ್ಲ.

"ನೀವಂದಿದ್ದು ನಿಜ," ಎಂದರು ರಾಮಯ್ಯ. "ಬದುಕಿದ್ದ. ನೆನ್ನೆ ಮಧ್ಯಾಹ್ನದವರೆಗೂ ನಾನೇ ಉಣ್ಣಿಸಿ ಬಂದಿದೀನಿ."

ಉಲ್ಲಾಳದಾಚೆ ಅವರ ಹಳೇ ಜಮೀನಿನಲ್ಲಿ ಪಂಪ್‌ಹೌಸ್ ಇತ್ತು. ಕಬ್ಬಿಣದ ಬಾಗಿಲು, ಮೇಲೊಂದು ಸಣ್ಣ ಗಾಳಿಗಂಡಿ. ಮಗನನ್ನು ಅಲ್ಲಿ ಬಚ್ಚಿಟ್ಟಿದ್ದರು. ಒಂದೇ ಸೈಟನ್ನು ಹಲವರಿಗೆ ಮಾರಿ ಕತ್ತಿನ ತನಕ ಬಂದಿದೆ, ಸತ್ತೆ ಅಂತ ಆಗದಿದ್ದರೆ ನಿಜವಾಗಿ ಸಾಯಿಸುತ್ತಾರೆ ಎಂದು ಕಾಲು ಹಿಡಿದನಂತೆ. ಕಾರಿನಲ್ಲಿದ್ದ ಹೆಣ ಎಲ್ಲಿಯದು ಎಂದು ಇವರು ಕೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದಲ್ಲ ಎಂದು ಕೇಳಲಿಲ್ಲ. ಇವತ್ತು ಬುತ್ತಿ ತೆಗೆದುಕೊಂಡು ಹೋದರೆ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಅದು ಅವರ ಬೀಗವಲ್ಲ. ಗಾಳಿಗಂಡಿಯ ಕೆಳಗೆ ನಿಂತು ಎಷ್ಟು ಕೂಗಿದರೂ ಒಳಗಿನಿಂದ ಉಸಿರಿಲ್ಲ.

"ಅವನಿಗೆ ಏನೋ ಆಗಿದೆ. ನನ್ನ ಜೊತೆ ಬನ್ನಿ," ಎಂದರು ರಾಮಯ್ಯ. ಅದು ಬೇಡಿಕೆಯೋ, ಆಳದ ನೀರಿನ ಕಡೆ ಕರೆಯುವ ಕರೆಯೋ, ಗಿರಿಜಾದೇವಿಗೆ ಹೇಳಲು ಬರಲಿಲ್ಲ.

"ಆ ಬೀಗ ಹಾಕಿದ್ದು ನಾನು."

ಇಬ್ಬರೂ ತಿರುಗಿದರು. ಯಶೋದಮ್ಮ ಚಾಪೆಯಿಂದ ಎದ್ದಿರಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚುತ್ತಿದ್ದರು. ಒಳಗಿನಿಂದ ಹೊಸ ಬೀಗದ ಕೈ ಬಂತು.

ಮನೆಯಲ್ಲಿ ಇಬ್ಬರೇ ಉಣ್ಣುವುದು, ಆದರೂ ಅನ್ನ ಸಾಲುತ್ತಿರಲಿಲ್ಲ ಎಂದರು ಅವರು. ನೆನ್ನೆ ಗಂಡನ ಹಿಂದೆ ಆಟೋ ಹಿಡಿದು ಹೋಗಿ ದೂರ ನಿಂತರು. ಗಂಡ ಬುತ್ತಿ ಕೊಟ್ಟು ಹಿಂತಿರುಗಿದ ಮೇಲೆ ಗಾಳಿಗಂಡಿಯ ಕೆಳಗೆ ಹೋಗಿ ಆಲಿಸಿದರು. ಮಗನ ನಗು ಕೇಳಿಸಿತು. ಅಲ್ಲಿಂದ ಉಲ್ಲಾಳದ ಸರ್ಕಲ್ಲಿಗೆ ನಡೆದು ಹೋಗಿ ಬೀಗ ತಂದರು.

"ಗಂಡನ್ನ ನೋಡಿದ್ರಾ ಅಂತ ಆ ಹುಡುಗಿ ದಾನಮ್ಮ ನನ್ನ ಬಾಗಿಲಿಗೂ ಬಂದು ಕೇಳಿ ಹೋಗ್ತಿದ್ಲು. ನಾನು ನನ್ನ ಮಗನಿಗೆ ಅಳ್ತಾ, ನಿನ್ನ ಗಂಡ ಬರ್ತಾನೆ ಹೋಗಮ್ಮ ಅಂತ ಅವಳಿಗೆ ಸಮಾಧಾನ ಹೇಳ್ತಿದ್ದೆ. ಪೊಲೀಸ್ನೋರ ಹತ್ರ ಹೋಗೋಕೆ ಧೈರ್ಯ ಸಾಲಲಿಲ್ಲ. ನೀವಾಗೇ ಕಂಡುಹಿಡೀಲಿ ಅಂತ ಕಾಯ್ತಿದ್ದೆ."

ರಾಮಯ್ಯ ಬಾಗಿಲಿಗೆ ಆತುಕೊಂಡೇ ಜಾರಿ ಕೂತರು. ಹಾಗಾದರೆ ಕೂಗಿದಾಗ ಅವನು ಯಾಕೆ ಓಗೊಡಲಿಲ್ಲ ಎಂದು ಹೆಂಡತಿಯನ್ನು ಕೇಳಿದರು. ಯಶೋದಮ್ಮ ಆ ಪ್ರಶ್ನೆಗೆ ಕಾದಿದ್ದವರಂತೆ ಬೀಗದ ಕೈಯನ್ನು ಗಿರಿಜಾದೇವಿಯ ಅಂಗೈಯಲ್ಲಿಟ್ಟರು.

"ಮಂಜು ಒಬ್ಬನೇ ಇರಲಿಲ್ಲ," ಎಂದರು. "ನಾನು ಬೀಗ ಹಾಕೋವಾಗ ಒಳಗೆ ಇನ್ನೊಬ್ಬ ಗಂಡಸಿನ ದನಿ ಇತ್ತು."

ಗಿರಿಜಾದೇವಿ ರಾಮಯ್ಯನವರ ಮುಖ ನೋಡಿದಳು. ಅವರು ಹೆಂಡತಿಯನ್ನೇ ನೋಡುತ್ತಿದ್ದರು. ಆ ಇನ್ನೊಬ್ಬನ ಸುದ್ದಿ ಅವರಿಗೂ ಹೊಸದು. ನಿಜವಾಗಿ ಸಾಯಿಸುತ್ತಾರೆ ಎಂದು ಮಗ ಹೆದರಿದ್ದವರಲ್ಲಿ ಒಬ್ಬನು ಅವನ ಜೊತೆಗೇ ಆ ಬೀಗದೊಳಗೆ ಸಿಕ್ಕಿಕೊಂಡಿದ್ದನೇ?